ಬಿಡಿಭಾಗ ಹುಡುಕುವ ಮೊದಲು ರೋಗ ಹುಡುಕಿ

ಕಾರವಾರ, ಅಂಕೋಲೆ ಕಡೆ ಕೆಟ್ಟು ಕೂತ ರೆಕಾರ್ಡ್ ಪ್ಲೇಯರ್ ಬಗ್ಗೆ ಕೇಳಿದರೆ ಬರುವ ಉತ್ತರ ಒಂದೇ: ‘ಅದರ ಪಾರ್ಟು ಎಲ್ಲೂ ಸಿಗೂದಿಲ್ಲ ಮಾರಾಯಾ.’ ಅಜ್ಜನ ಕಾಲದ ಎಚ್‌ಎಂವಿ ಪೆಟ್ಟಿಗೆಯಾದರೂ ಅದೇ ಮಾತು, ಗಲ್ಫಿನಿಂದ ಮರಳಿದವರು ಹೊತ್ತು ತಂದ ಜಪಾನಿ ಸೆಟ್ಟಾದರೂ ಅದೇ ಮಾತು, ಗೋವಾದ ಕಡೆಯಿಂದ ಹಳೆಯದಾಗಿ ಕೊಂಡು ತಂದ ಡಿಜೆ ಟರ್ನ್‌ಟೇಬಲ್ ಆದರೂ ಅದೇ ಮಾತು. ಯಂತ್ರ ಅಟ್ಟಕ್ಕೇರುತ್ತದೆ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಜರಿಯವನ ಗಾಡಿ ಸೇರುತ್ತದೆ. ಹೀಗೆ ಕೈಬಿಟ್ಟ ಯಂತ್ರಗಳಲ್ಲಿ ಬಹುಪಾಲಿಗೆ ಹೊಸ ಭಾಗದ ಅಗತ್ಯವೇ ಇರುವುದಿಲ್ಲ. ಯಾವ ಭಾಗ ಕೆಟ್ಟಿದೆ ಎಂದು ಯಾರೂ ಬಿಚ್ಚಿ ನೋಡಿರುವುದಿಲ್ಲ, ಅಷ್ಟೆ. ರೋಗ ಯಾವುದೆಂದು ಗೊತ್ತಾದರೆ ಮದ್ದು ಎಷ್ಟೋ ಸಲ ಊರಿನ ಟಿವಿ ರಿಪೇರಿ ಅಂಗಡಿಯಲ್ಲೇ ಸಿಗುತ್ತದೆ. ಸಿಗದಿದ್ದರೂ, ಏನನ್ನು ಎಲ್ಲಿಂದ ತರಿಸಬೇಕು ಎಂಬುದಾದರೂ ತಿಳಿಯುತ್ತದೆ.

ಡಿಜೆ ಎಂದ ಕೂಡಲೇ ಗಣೇಶನ ಮೆರವಣಿಗೆಯ ಲಾರಿ, ಅದರ ಮೇಲೆ ಪೇರಿಸಿದ ಸ್ಪೀಕರುಗಳು ನೆನಪಾಗುವುದು ಸಹಜ. ಇಲ್ಲಿ ಹೇಳಹೊರಟಿರುವುದು ಡಿಜೆಯ ಕೈಕೆಳಗೆ ತಿರುಗುವ ಯಂತ್ರದ ವಿಷಯ. ಪ್ಲೇಟು ಇಡುವ ಭಾರದ ಲೋಹದ ತಟ್ಟೆ, ಮುಳ್ಳು ಹೊತ್ತ ತೋಳು, ವೇಗ ಹೆಚ್ಚುಕಡಿಮೆ ಮಾಡುವ ಜಾರುಗುಂಡಿ ಇವಿಷ್ಟು ಅದರ ಮುಖ್ಯ ಅಂಗಗಳು. ಹಳೆಯ ರೆಕಾರ್ಡ್ ಪ್ಲೇಯರಿಗೂ ಇದಕ್ಕೂ ರಕ್ತಸಂಬಂಧವಿದೆ. ಹಾಗಾಗಿ ಒಂದರ ರಿಪೇರಿ ಕಲಿತವರಿಗೆ ಇನ್ನೊಂದು ಅಪರಿಚಿತವಲ್ಲ.

ನಮ್ಮ ನಾಡಿಗೆ ಪ್ಲೇಟಿನ ಸಂಗೀತ ಹೊಸದೇನೂ ಅಲ್ಲ. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮೊಫೋನಿಗೆ ಹಾಡಿದ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ. 1930ರಲ್ಲಿ ತೀರಿಕೊಂಡದ್ದೂ ಅಲ್ಲೇ. ಘಟ್ಟದ ಮೇಲಿನ ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಎಚ್‌ಎಂವಿಯಿಂದ ಬಂದವು. ಆ ಕಾಲದ ಕೀಲಿ ಕೊಡುವ ಗ್ರಾಮೊಫೋನಿಗೆ ಉಕ್ಕಿನ ಪಿನ್ನುಗಳು ಡಬ್ಬಿಗಟ್ಟಲೆ ಸಿಗುತ್ತಿದ್ದವು. ಒಂದು ಮಗ್ಗುಲು ನುಡಿಸಿದರೆ ಪಿನ್ನು ಬದಲಿಸಬೇಕು ಎಂಬುದು ಮನೆಯ ಮಕ್ಕಳಿಗೂ ಗೊತ್ತಿತ್ತು. ಸವೆಯುವ ಭಾಗ ಯಾವುದು, ಸವೆಯದ ಭಾಗ ಯಾವುದು ಎಂಬ ತಿಳಿವಳಿಕೆ ಯಂತ್ರದ ಜೊತೆಗೇ ಬರುತ್ತಿತ್ತು. ಆಮೇಲೆ ಕರೆಂಟಿನ ಪ್ಲೇಯರ್ ಬಂತು, ಸೆಲ್ ಹಾಕುವ ಎಚ್‌ಎಂವಿ ಫಿಯೆಸ್ಟಾ ಬಂತು, ಮದುವೆಗೂ ಬಂಡಿಹಬ್ಬಕ್ಕೂ ಮೈಕ್ ಕಟ್ಟುವವರು ಪ್ಲೇಟಿನ ಪೆಟ್ಟಿಗೆ ಹೊತ್ತು ಊರೂರು ತಿರುಗಿದರು. ಕ್ಯಾಸೆಟ್ ಬಂದ ಮೇಲೆ ಯಂತ್ರವೂ ಮೂಲೆ ಸೇರಿತು, ಆ ತಿಳಿವಳಿಕೆಯೂ ಮೂಲೆ ಸೇರಿತು.

ಡಿಜೆ ಟರ್ನ್‌ಟೇಬಲ್ಲಿನ ಕಥೆ ಜಪಾನಿನದು. ಮತ್ಸುಶಿತಾ ಕಂಪನಿ, ಅಂದರೆ ಇಂದಿನ ಪ್ಯಾನಾಸೋನಿಕ್, ತನ್ನ ಟೆಕ್ನಿಕ್ಸ್ ಹೆಸರಿನಲ್ಲಿ 1970ರಲ್ಲಿ ಎಸ್‌ಪಿ-10 ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ಮೋಟಾರು ಒಂದು ಕಡೆ, ತಟ್ಟೆ ಇನ್ನೊಂದು ಕಡೆ ಇರುತ್ತಿತ್ತು. ನಡುವೆ ರಬ್ಬರ್ ಬೆಲ್ಟೋ ರಬ್ಬರ್ ಗಾಲಿಯೋ ಶಕ್ತಿಯನ್ನು ದಾಟಿಸುತ್ತಿತ್ತು. ಹೊಸ ಯಂತ್ರದಲ್ಲಿ ಮೋಟಾರಿನ ದಂಡವೇ ತಟ್ಟೆಯ ದಂಡವಾಯಿತು. ಇದಕ್ಕೆ ಡೈರೆಕ್ಟ್ ಡ್ರೈವ್ ಎಂದು ಹೆಸರು. 1972ರಲ್ಲಿ ಎಸ್‌ಎಲ್-1200 ಬಂತು, 1979ರಲ್ಲಿ ಅದರ ಎಂಕೆ2 ಬಂತು. ಗುಂಡಿ ಒತ್ತಿದ 0.7 ಸೆಕೆಂಡಿನಲ್ಲಿ ಪೂರ್ಣ ವೇಗಕ್ಕೆ ಬರುವ ತಟ್ಟೆ, ಬೆರಳಿನಿಂದ ಪ್ಲೇಟನ್ನು ತಡೆದು ಹಿಂದಕ್ಕೆ ಎಳೆದರೂ ಸೋಲದ ಮೋಟಾರು, ವೇಗವನ್ನು ನೂರಕ್ಕೆ ಎಂಟರಷ್ಟು ಏರಿಸಿ ಇಳಿಸಬಲ್ಲ ಜಾರುಗುಂಡಿ ಅದರಲ್ಲಿದ್ದವು. ಒಂದು ಹಾಡಿನ ತಾಳವನ್ನು ಇನ್ನೊಂದರ ತಾಳಕ್ಕೆ ಕೂಡಿಸಬೇಕಾದ ಡಿಜೆಗೆ ಬೇಕಾದದ್ದೆಲ್ಲ ಅದರಲ್ಲಿತ್ತು. 2010ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು, ಬೇಡಿಕೆ ಕಂಡು 2016ರಲ್ಲಿ ಮತ್ತೆ ಶುರುಮಾಡಿತು, 2019ರಲ್ಲಿ ಡಿಜೆಗಳಿಗೆಂದೇ ಎಂಕೆ7 ತಂದಿತು.

ಈ ಇಸವಿಗಳು ಬಿಡಿಭಾಗ ಹುಡುಕುವವರಿಗೆ ತುಂಬ ಉಪಯೋಗದವು. ನಿಮ್ಮ ಕೈಯಲ್ಲಿರುವುದು 2010ಕ್ಕಿಂತ ಹಿಂದಿನದಾದರೆ ಅದರ ಐಸಿಗಳು, ಉದಾಹರಣೆಗೆ ಮೋಟಾರು ನಡೆಸುವ ಎಎನ್6675, ಈಗ ತಯಾರಾಗುವುದಿಲ್ಲ. ಹೊಸ ಎಂಕೆ7ರ ಒಳಗಿನ ಮೋಟಾರೂ ಸರ್ಕ್ಯೂಟೂ ಬೇರೆ; ಅದರ ಬೋರ್ಡು ಹಳೆಯದಕ್ಕೆ ಕೂರುವುದಿಲ್ಲ. ಆದರೆ ಮುಳ್ಳು ಕೂರಿಸುವ ಹೆಡ್‌ಶೆಲ್, ರಬ್ಬರ್ ಮ್ಯಾಟು, ಕೇಬಲ್ಲು, ಕಾರ್ಟ್ರಿಜ್ ಇವೆಲ್ಲ ಅಳತೆಗೆ ಸರಿಹೊಂದುವ ಯಾವ ಕಂಪನಿಯದಾದರೂ ನಡೆಯುತ್ತವೆ. ಇನ್ನೊಂದು ಗುಟ್ಟಿದೆ. ತೈವಾನಿನ ಹಾನ್‌ಪಿನ್ ಎಂಬ ಕಾರ್ಖಾನೆ ಬೇರೆ ಬೇರೆ ಕಂಪನಿಗಳಿಗೆ ಟರ್ನ್‌ಟೇಬಲ್ ಮಾಡಿಕೊಡುತ್ತದೆ. ಪಯೋನಿಯರಿನ ಪಿಎಲ್‌ಎಕ್ಸ್-1000 ಕೂಡ ಅಲ್ಲಿಯದೇ. ಮೇಲಿನ ಹೆಸರು ಬೇರೆಯಾದರೂ ಒಳಗಿನ ತೋಳು, ಗುಂಡಿ, ಜಾರುಗುಂಡಿ ಎಷ್ಟೋ ಸಲ ಒಂದೇ ಮನೆಯವು. ಒಂದು ಕಂಪನಿಯ ಹೆಸರಿನಲ್ಲಿ ಸಿಗದ ಭಾಗ ಇನ್ನೊಂದರ ಹೆಸರಿನಲ್ಲಿ ಸಿಕ್ಕೀತು.

ಇನ್ನು ನಮ್ಮೂರಿನ ಗಾಳಿಯ ಮಾತು. ಜೂನಿನಿಂದ ಸೆಪ್ಟೆಂಬರ್ ತನಕ ಕಾರವಾರದಲ್ಲಿ ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿದು, ಅದರ ಮೇಲೆ ಸಮುದ್ರದ ಉಪ್ಪುಗಾಳಿ. ಬೆಂಗಳೂರಿನ ಒಣ ಕೋಣೆಯಲ್ಲಿ ಹತ್ತು ವರ್ಷ ಕೆಡದ ಯಂತ್ರ ಇಲ್ಲಿ ಬಹುಬೇಗ ಮೂಕಾಗುವುದು ಇದೇ ಕಾರಣಕ್ಕೆ. ಟರ್ನ್‌ಟೇಬಲ್ಲಿನ ಮುಳ್ಳಿನಿಂದ ಹೊರಡುವ ವಿದ್ಯುತ್ತು ಸುಮಾರು 5 ಮಿಲಿವೋಲ್ಟ್, ಅಂದರೆ ಒಂದು ಟಾರ್ಚ್ ಸೆಲ್ಲಿನ ಮುನ್ನೂರರಲ್ಲಿ ಒಂದು ಪಾಲು. ಇಷ್ಟು ಸಣ್ಣ ಸಂಕೇತ ಆಂಪ್ಲಿಫಯರ್ ಮುಟ್ಟುವ ಮೊದಲು ಹತ್ತಾರು ಲೋಹದ ಸಂಧಿಗಳನ್ನು ದಾಟಬೇಕು. ಪ್ರತಿ ಸಂಧಿಯಲ್ಲೂ ಉಪ್ಪುಗಾಳಿ ಒಂದು ತೆಳು ಪೊರೆ ಹಚ್ಚಿರುತ್ತದೆ. ಯಂತ್ರ ಕೆಟ್ಟಿಲ್ಲ, ಸಂಧಿಗಳು ಹೊಲಸಾಗಿವೆ.

ಒಂದು ಕಡೆಯ ಸ್ಪೀಕರ್ ಮಾತಾಡುವುದಿಲ್ಲ ಎಂಬ ದೂರನ್ನೇ ತೆಗೆದುಕೊಳ್ಳೋಣ; ನಮ್ಮ ಕರಾವಳಿಯಲ್ಲಿ ಅತಿ ಸಾಮಾನ್ಯವಾದದ್ದು ಅದೇ. ಮೊದಲು ಪ್ಲಗ್ ತೆಗೆಯಿರಿ. ತೋಳಿನ ತುದಿಯಲ್ಲಿ ಹೆಡ್‌ಶೆಲ್ಲನ್ನು ಬಿಗಿದ ಬಳೆಯನ್ನು ತಿರುಗಿಸಿದರೆ ಹೆಡ್‌ಶೆಲ್ ಕೈಗೆ ಬರುತ್ತದೆ. ಅದರ ಬೆನ್ನಲ್ಲಿ ನಾಲ್ಕು ಸಣ್ಣ ಪಿನ್ನುಗಳಿವೆ. ತೋಳಿನ ಒಳಗೆ ಅವಕ್ಕೆದುರಾಗಿ ಸ್ಪ್ರಿಂಗಿನ ಮೇಲೆ ಕೂತ ನಾಲ್ಕು ಚುಕ್ಕೆಗಳಿವೆ. ಹೊಳೆಯಬೇಕಾದ ಪಿನ್ನುಗಳು ಕಂದಾಗಿ, ಕೆಲವು ಕಡೆ ಹಸಿರಾಗಿ ಕಾಣುತ್ತವೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಪಿನ್ನುಗಳನ್ನು ಮೆತ್ತಗೆ ಉಜ್ಜಿ, ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ ಒರೆಸಬೇಕು. ತೋಳಿನೊಳಗಿನ ಚುಕ್ಕೆಗಳನ್ನೂ ಅದೇ ಆಲ್ಕೊಹಾಲಿನಿಂದ ಒರೆಸಿ, ಒಂದೊಂದನ್ನೂ ಕಡ್ಡಿಯ ತುದಿಯಿಂದ ಒತ್ತಿ ನೋಡಿ. ಒತ್ತಿದ್ದು ಮೇಲೆ ಬರಬೇಕು. ಮರಳು ಕಾಗದ ಬೇಡವೇ ಬೇಡ; ಅದು ಲೇಪವನ್ನೇ ತೆಗೆದು ಮುಂದಿನ ಮಳೆಗಾಲಕ್ಕೆ ಇನ್ನಷ್ಟು ತುಕ್ಕನ್ನು ಕರೆಯುತ್ತದೆ.

ಅದರ ನಂತರ ಹೆಡ್‌ಶೆಲ್ಲಿನೊಳಗಿನ ನಾಲ್ಕು ಕೂದಲೆಳೆ ವೈರುಗಳು. ಬಿಳಿ ಮತ್ತು ನೀಲಿ ಎಡಗಡೆಯವು, ಕೆಂಪು ಮತ್ತು ಹಸಿರು ಬಲಗಡೆಯವು. ಪುಟ್ಟ ಚಿಮ್ಮಟದಿಂದ ಒಂದೊಂದನ್ನೂ ಕಾರ್ಟ್ರಿಜ್ಜಿನ ಕಾಲಿನಿಂದ ಅರ್ಧ ಎಳೆದು ಮತ್ತೆ ಕೂರಿಸಿದರೆ ಸಾಕು, ಉಜ್ಜಾಟಕ್ಕೇ ಪೊರೆ ಹರಿಯುತ್ತದೆ. ಈಗಲೂ ಒಂದು ಕಡೆ ಮೌನವಾಗಿದ್ದರೆ ಎಡ ಬಲದ ಜೋಡಿಗಳನ್ನು ಅದಲುಬದಲು ಮಾಡಿ ನೋಡಿ. ಮೌನ ಇನ್ನೊಂದು ಕಡೆಗೆ ಹೋದರೆ ದೋಷ ಕಾರ್ಟ್ರಿಜ್ಜಿನದು. ಅಲ್ಲೇ ಉಳಿದರೆ ದೋಷ ತೋಳಿನಲ್ಲೋ ಹಿಂದಿನ ಕೇಬಲ್ಲಿನಲ್ಲೋ ಇದೆ. ಬಿಡಿಭಾಗಕ್ಕೆ ಒಂದು ರೂಪಾಯಿ ಖರ್ಚಿಲ್ಲದೆ ರೋಗ ಯಾವ ಅಂಗದಲ್ಲಿದೆ ಎಂದು ಹೇಳಿಬಿಡುವ ಪರೀಕ್ಷೆ ಇದು. ಹೆಚ್ಚಿನ ಸಲ ಹುಡುಕಾಟ ಕೇಬಲ್ಲಿನ ಆರ್‌ಸಿಎ ಪ್ಲಗ್ಗಿನಲ್ಲಿ ಕೊನೆಯಾಗುತ್ತದೆ. ಹಳೆಯ 1200ರಲ್ಲಿ ಕೇಬಲ್ಲು ಯಂತ್ರದೊಳಗೇ ಬೆಸೆದಿರುವುದರಿಂದ ಬಗ್ಗಿ ಬಗ್ಗಿ ಪ್ಲಗ್ಗಿನ ಬುಡದಲ್ಲಿ ತುಂಡಾಗುತ್ತದೆ. ಎಂಕೆ7ರಲ್ಲಿ ಕಳಚಿ ಹಾಕುವ ಸಾಕೆಟ್ ಇದೆ. ಹಳೆಯದಕ್ಕೂ ಅದೇ ರೀತಿ ಸಾಕೆಟ್ ಕೂರಿಸಿಕೊಡುವಷ್ಟು ಬೆಸುಗೆ ಕೈಚಳಕ ಕಾರವಾರದ ಯಾವ ಟಿವಿ ಮೆಕ್ಯಾನಿಕ್ಕಿಗೂ ಇದೆ.

ವೇಗದ ದೂರು ಎರಡನೆಯದು. 1200ರ ತಟ್ಟೆಯ ಅಂಚಿನಲ್ಲಿ ನಾಲ್ಕು ಸಾಲು ಚುಕ್ಕೆಗಳಿವೆ, ಅವುಗಳ ಮೇಲೆ ಪಕ್ಕದಿಂದ ಕೆಂಪು ದೀಪ ಬೀಳುತ್ತದೆ. ಜಾರುಗುಂಡಿ ಸೊನ್ನೆಯಲ್ಲಿದ್ದಾಗ ದೊಡ್ಡ ಚುಕ್ಕೆಗಳ ಸಾಲು ನಿಂತಂತೆ ಕಾಣಬೇಕು. ಸಾಲು ಒಂದೇ ಸಮನೆ ಒಂದು ಕಡೆಗೆ ಹರಿದರೆ ಒಳಗಿನ ಹೊಂದಾಣಿಕೆ ತಪ್ಪಿದೆ ಎಂದರ್ಥ. ಅದನ್ನು ಸರ್ವಿಸ್ ಮ್ಯಾನ್ಯುಯಲ್ ನೋಡಿ ಸ್ಕ್ರೂಡ್ರೈವರಿನಿಂದ ತಿದ್ದಬಹುದು. ಸಾಲು ಮುಂದೆ ಹಿಂದೆ ತಡವರಿಸಿದರೆ ಜಾರುಗುಂಡಿಯೊಳಗೆ ಧೂಳೂ ತೇವವೂ ಸೇರಿವೆ. ಕಾಂಟ್ಯಾಕ್ಟ್ ಕ್ಲೀನರ್ ಒಂದಿಷ್ಟು ಸಿಂಪಡಿಸಿ ಗುಂಡಿಯನ್ನು ತುದಿಯಿಂದ ತುದಿಗೆ ಹಲವು ಬಾರಿ ಆಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಗಲೂ ಸರಿಯಾಗದಿದ್ದರೆ ಮಾತ್ರ ಹೊಸ ಜಾರುಗುಂಡಿ ಹುಡುಕಲು ಹೊರಡಬೇಕು. ತಟ್ಟೆಯನ್ನು ಎತ್ತುವಾಗ ಒಂದು ಎಚ್ಚರಿಕೆ: ಅದರ ಅಡಿಯಲ್ಲಿರುವ ಅಯಸ್ಕಾಂತದ ಬಳೆಯೇ ಮೋಟಾರಿನ ತಿರುಗುವ ಭಾಗ. ಸ್ಕ್ರೂ, ಕಬ್ಬಿಣದ ಪುಡಿ ಬಿದ್ದಿರುವ ಮೇಜಿನ ಮೇಲೆ ಅದನ್ನು ಇಡಬಾರದು.

ಮೂರನೆಯದು ಗುಂಯ್ಗುಡುವ ಸದ್ದು. ಡಿಜೆ ಟರ್ನ್‌ಟೇಬಲ್ಲಿನ ಕೇಬಲ್ಲುಗಳ ಜೊತೆ ಒಂಟಿ ವೈರೊಂದು ಇರುತ್ತದೆ. ಅದು ಅರ್ಥ್ ವೈರು. ಮಿಕ್ಸರಿನ ಹಿಂದೆ ಜಿಎನ್‌ಡಿ ಎಂದು ಬರೆದ ತಿರುಪಿಗೆ ಅದನ್ನು ಬಿಗಿಯಬೇಕು. ಬಿಗಿಯದೆ ಬಿಟ್ಟು, ಟ್ರಾನ್ಸ್‌ಫಾರ್ಮರ್ ಹೋಗಿದೆ ಎಂದು ಯಂತ್ರವನ್ನು ಬದಿಗೆ ಸರಿಸಿದವರು ಇದ್ದಾರೆ.

ಮೈಕ್ ಸೆಟ್ಟಿನವರು ವಿಶೇಷವಾಗಿ ತಿಳಿಯಬೇಕಾದ ಸಂಗತಿ ಒಂದಿದೆ. ಹಳೆಯ ಪ್ಲೇಯರುಗಳಲ್ಲಿ ಇದ್ದ ಕ್ರಿಸ್ಟಲ್ ಅಥವಾ ಸೆರಾಮಿಕ್ ಕಾರ್ಟ್ರಿಜ್ ನೂರಾರು ಮಿಲಿವೋಲ್ಟ್ ಕೊಡುತ್ತಿತ್ತು, ಅಹುಜಾ ಆಂಪ್ಲಿಫಯರಿಗೆ ನೇರವಾಗಿ ಚುಚ್ಚಿದರೂ ಹಾಡು ಗಟ್ಟಿಯಾಗಿ ಕೇಳುತ್ತಿತ್ತು. ಡಿಜೆ ಟರ್ನ್‌ಟೇಬಲ್ಲಿನ ಅಯಸ್ಕಾಂತದ ಕಾರ್ಟ್ರಿಜ್ ಅದರ ನೂರನೇ ಒಂದು ಭಾಗದಷ್ಟೇ ಕೊಡುತ್ತದೆ. ಅಲ್ಲದೆ ಪ್ಲೇಟು ಕೊರೆಯುವಾಗ ಕೆಳದನಿಯನ್ನು ತಗ್ಗಿಸಿ ಮೇಲುದನಿಯನ್ನು ಹೆಚ್ಚಿಸಿರುತ್ತಾರೆ; ನುಡಿಸುವಾಗ ಅದನ್ನು ತಿರುವಿ ಸಮ ಮಾಡಬೇಕು. ಇದಕ್ಕೆ ಅಮೆರಿಕದ ರೆಕಾರ್ಡಿಂಗ್ ಸಂಘ 1954ರಲ್ಲಿ ನಿಗದಿ ಮಾಡಿದ ಆರ್‌ಐಎಎ ಅಳತೆಯನ್ನೇ ಇಂದಿಗೂ ಪಾಲಿಸುತ್ತಾರೆ. ಹಾಗಾಗಿ ನಡುವೆ ಫೋನೊ ಪ್ರಿಆಂಪ್ ಎಂಬ ಸಣ್ಣ ಪೆಟ್ಟಿಗೆ ಬೇಕು, ಇಲ್ಲವೇ ಮಿಕ್ಸರಿನಲ್ಲಿ ಫೋನೊ ಎಂದು ಬರೆದ ಸಾಕೆಟ್ಟಿಗೇ ಚುಚ್ಚಬೇಕು. ಇದು ತಿಳಿಯದಿದ್ದರೆ ಸದ್ದು ಸಣ್ಣಗೆ, ಕರ್ಕಶವಾಗಿ ಬರುತ್ತದೆ. ಮುಳ್ಳು ಸತ್ತಿದೆ ಎಂದು ಹೊಸ ಮುಳ್ಳಿಗೆ ದುಡ್ಡು ಸುರಿದದ್ದೂ ವ್ಯರ್ಥವಾಗುತ್ತದೆ.

ವಿದೇಶದಿಂದ ಬಂದ ಯಂತ್ರಕ್ಕೆ ನಿಜವಾದ ಗಂಡಾಂತರ ಇರುವುದು ಗೋಡೆಯ ಸಾಕೆಟ್ಟಿನಲ್ಲಿ. ಜಪಾನಿನ ಮನೆಗಳ ವಿದ್ಯುತ್ತು 100 ವೋಲ್ಟ್, ಅಮೆರಿಕದ್ದು 120, ನಮ್ಮದು 230. ಜಪಾನಿನ ಪೇಟೆಗೆಂದು ಮಾಡಿದ ಯಂತ್ರವನ್ನು ಇಲ್ಲಿ ನೇರವಾಗಿ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ವಾಸನೆ ಬರಲು ತಡವಾಗುವುದಿಲ್ಲ. ಪ್ಲಗ್ ಹಾಕುವ ಮೊದಲು ಹಿಂದೆ ಅಥವಾ ಅಡಿಯಲ್ಲಿ ಅಂಟಿಸಿದ ಚೀಟಿ ಓದಿ. 100 ಅಥವಾ 120 ಎಂದಿದ್ದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ಕೆಲವು ಮಾದರಿಗಳಲ್ಲಿ ವೋಲ್ಟೇಜ್ ಆರಿಸುವ ಸ್ವಿಚ್ ಇರುತ್ತದೆ. ಅದು ಎಲ್ಲಿ ನಿಂತಿದೆ ಎಂದೂ ನೋಡಬೇಕು. ಅಮೆರಿಕದ ಹಳೆಯ ಬೆಲ್ಟಿನ ಅಥವಾ ಗಾಲಿಯ ಪ್ಲೇಯರಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ವಿದ್ಯುತ್ತು ಸೆಕೆಂಡಿಗೆ 60 ಆವರ್ತನ ಮುಗಿಸಿದರೆ ಇಲ್ಲಿ 50 ಆವರ್ತನ. ಆ ಲೆಕ್ಕವನ್ನೇ ನಂಬಿ ತಿರುಗುವ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ. 33 ಸುತ್ತಿನ ಪ್ಲೇಟು 28ರ ಆಸುಪಾಸಿನಲ್ಲಿ ಸುತ್ತಿ ಹೆಣ್ಣುದನಿ ಗಂಡುದನಿಯಾಗುತ್ತದೆ. ಮೋಟಾರಿನ ತಲೆಯ ರಾಟೆಯನ್ನು 50ರ ಅಳತೆಯದಕ್ಕೆ ಬದಲಿಸುವುದೇ ಅದಕ್ಕೆ ಪರಿಹಾರ. ಲೇತ್ ಇರುವ ವರ್ಕ್‌ಶಾಪಿನಲ್ಲಿ ಹಿತ್ತಾಳೆಯಲ್ಲಿ ಕೊರೆಸಲೂಬಹುದು. ಟೆಕ್ನಿಕ್ಸ್‌ನಂಥ ಕ್ವಾರ್ಟ್ಜ್ ನಿಯಂತ್ರಣದ ಯಂತ್ರಗಳಿಗೆ ಈ 50–60ರ ತೊಂದರೆ ಇಲ್ಲ.

ಇಷ್ಟು ನೋಡಿದ ಮೇಲೂ ಭಾಗ ಬೇಕೇಬೇಕು ಎಂದಾದರೆ ಅದು ಮೂರರಲ್ಲಿ ಯಾವ ವರ್ಗದ್ದು ಎಂದು ತೀರ್ಮಾನಿಸಿಕೊಳ್ಳಿ.

ಮೊದಲನೆಯದು ಎಲ್ಲ ಯಂತ್ರಗಳಿಗೂ ಸಮಾನವಾದ ಭಾಗಗಳು: ಕೆಪಾಸಿಟರ್, ಫ್ಯೂಸ್, ಡಯೋಡ್, ಆರ್‌ಸಿಎ ಪ್ಲಗ್, ವೈರು, ಒತ್ತುವ ಸಣ್ಣ ಸ್ವಿಚ್, ಎಲ್‌ಇಡಿ. ಇವು ಕಾರವಾರ ಅಂಕೋಲೆಯ ರಿಪೇರಿ ಅಂಗಡಿಗಳಲ್ಲೇ ಸಿಗುತ್ತವೆ, ಇಲ್ಲದಿದ್ದರೆ ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುತ್ತವೆ. ಬೆಂಗಳೂರಿನ ಎಸ್‌ಪಿ ರಸ್ತೆ, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ ಈ ಸರಕಿನ ದೊಡ್ಡ ಪೇಟೆಗಳು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಮುಂಬೈ ನಮಗೆ ಒಂದು ರಾತ್ರಿಯ ದಾರಿ. ಹೋಗಿ ಬರುವವರ ಕೈಯಲ್ಲಿ ಕೆಟ್ಟ ಭಾಗವನ್ನೇ ಕೊಟ್ಟು ಕಳಿಸಿದರೆ ತಪ್ಪು ಭಾಗ ಬರುವುದಿಲ್ಲ.

ಎರಡನೆಯದು ಸವೆಯುವ ಭಾಗಗಳು: ಬೆಲ್ಟು, ರಬ್ಬರ್ ಗಾಲಿ, ಮುಳ್ಳು. ನಮ್ಮ ಸೆಕೆಗೆ ಹಳೆಯ ಬೆಲ್ಟು ಡಾಂಬರಾಗಿ ಕರಗಿ ರಾಟೆಗೆ ಅಂಟಿರುತ್ತದೆ. ಅಳತೆ ಮಾಡಲು ಬೆಲ್ಟೇ ಉಳಿದಿರುವುದಿಲ್ಲ. ಆಗ ರಾಟೆಯನ್ನೂ ತಟ್ಟೆಯ ಒಳಬಳೆಯನ್ನೂ ಆಲ್ಕೊಹಾಲಿನಿಂದ ತೊಳೆದು, ಬೆಲ್ಟು ಹಾಯುವ ದಾರಿಯಲ್ಲಿ ಹೊಲಿಗೆಯ ದಾರ ಸುತ್ತಿ ಅಳೆಯಿರಿ. ಬಂದ ಉದ್ದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕ ಸುತ್ತಳತೆಯ ಬೆಲ್ಟು ಕೇಳಿ. ಅಗಲವನ್ನೂ ದಪ್ಪವನ್ನೂ ಹೇಳಲು ಮರೆಯಬೇಡಿ. ರಬ್ಬರ್ ಗಾಲಿ ಗಟ್ಟಿಯಾಗಿ ಜಾರುತ್ತಿದ್ದರೆ ಅದರ ಅಂಚನ್ನು ಬಹು ನಯವಾದ ಮರಳು ಕಾಗದದಿಂದ ಸಮನಾಗಿ ಕೆರೆದು ತೊಳೆದರೆ ಇನ್ನಷ್ಟು ಕಾಲ ಬಾಳುತ್ತದೆ.

ಮುಳ್ಳಿನ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಎಲ್‌ಪಿ ಪ್ಲೇಟಿನ ಗೆರೆಗೆ ಬೇಕಾದ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78 ಸುತ್ತಿನ ಅರಗಿನ ಪ್ಲೇಟಿಗೆ ಅದರ ನಾಲ್ಕು ಪಟ್ಟು. ಒಂದರ ಮುಳ್ಳು ಇನ್ನೊಂದಕ್ಕೆ ಹಾಕಿದರೆ ಸದ್ದು ಕೆಡುವುದಷ್ಟೇ ಅಲ್ಲ, ಮತ್ತೆ ಸಿಗದ ಪ್ಲೇಟೇ ಹಾಳಾಗುತ್ತದೆ. ವಜ್ರದ ಮುಳ್ಳು ಸಾಮಾನ್ಯವಾಗಿ 500ರಿಂದ 1000 ಗಂಟೆ ಬಾಳುತ್ತದೆ, ಡಿಜೆಯ ಕೈಯಲ್ಲಿ ಇನ್ನೂ ಕಡಿಮೆ. ಎಷ್ಟೋ ವರ್ಷ ಡಿಜೆಗಳ ನೆಚ್ಚಿನದಾಗಿದ್ದ ಶೂರ್ ಎಂ44-7 ಕಾರ್ಟ್ರಿಜ್ ಈಗ ಬರುವುದಿಲ್ಲ. ಶೂರ್ ಕಂಪನಿ 2018ರಲ್ಲಿ ಈ ಕಸುಬನ್ನೇ ಬಿಟ್ಟಿತು. ಆದರೆ ಜಪಾನಿನ ಜಿಕೊ ಕಂಪನಿ ಅದಕ್ಕೆ ಹೊಂದುವ ಮುಳ್ಳನ್ನು ಮಾಡುತ್ತದೆ. ಹೊಲಿಗೆಯ ಸೂಜಿಯಿಂದ ಶುರುವಾಗಿ ಪ್ಲೇಟಿನ ಸೂಜಿಗೆ ಬಂದ ಕಂಪನಿ ಅದು. ಡೆನ್ಮಾರ್ಕಿನ ಆರ್ಟೊಫೋನ್, ಜಪಾನಿನ ಆಡಿಯೊ-ಟೆಕ್ನಿಕಾ ಕೂಡ ಹೊಸ ಮುಳ್ಳು ಕೊಡುತ್ತವೆ. ಕಾರ್ಟ್ರಿಜ್ಜಿನ ಮೈಮೇಲಿನ ಸಂಖ್ಯೆ ಬರೆದುಕೊಂಡು ಅದೇ ಸಂಖ್ಯೆಗೆ ಕೇಳಬೇಕು. ಹೆಸರಾಂತ ಕಂಪನಿಯ ಮುಳ್ಳು ಅರ್ಧ ಬೆಲೆಗೆ ಸಿಗುತ್ತದೆ ಎಂದರೆ ಅದು ನಕಲಿ ಎಂದೇ ತಿಳಿಯಿರಿ.

ಮೂರನೆಯ ವರ್ಗ ಆ ಮಾದರಿಗೇ ಮೀಸಲಾದ ಭಾಗಗಳು: ಮೋಟಾರಿನ ಐಸಿ, ತೋಳಿನ ಬೇರಿಂಗು, ತಟ್ಟೆ, ಮುಚ್ಚಳ. ಇವು ಹೊಸದಾಗಿ ಸಿಗುವುದು ಕಷ್ಟ. ಕೆಟ್ಟ ಇನ್ನೊಂದು ಯಂತ್ರದಿಂದ ಬಿಚ್ಚಿಕೊಳ್ಳುವುದೇ ದಾರಿ. ಬಣ್ಣ ನೋಡಿ ಹಿಂಜರಿಯಬೇಡಿ: ಬೆಳ್ಳಿಬಣ್ಣದ 1200ಕ್ಕೂ ಕಪ್ಪು ಬಣ್ಣದ 1210ಕ್ಕೂ ಒಳಗಿನ ಬಹುತೇಕ ಭಾಗ ಒಂದೇ. ಮುಂಬೈಯ ಚೋರ್ ಬಜಾರ್, ಬೆಂಗಳೂರಿನ ಸಂಡೇ ಬಜಾರಿನಲ್ಲಿ ಹಳೆಯ ಪ್ಲೇಯರುಗಳು ಬರುತ್ತವೆ. ಗೋವಾದ ಕಡೆ ಕಣ್ಣಿಟ್ಟರೆ ಡಿಜೆ ಯಂತ್ರಗಳೂ ಸಿಕ್ಕಾವು. ಆದರೆ ಅಲ್ಲಿ ರಾಶಿಗಟ್ಟಲೆ ಸಿಗುತ್ತವೆ ಎಂಬ ನಿರೀಕ್ಷೆ ಬೇಡ. ಗೋವಾದ ಬೀಚಿನ ಪಾರ್ಟಿಗಳ ಹೆಸರಾಂತ ಕಾಲದಲ್ಲಿ ಡಿಜೆಗಳು ಹೆಚ್ಚಾಗಿ ನೆಚ್ಚಿಕೊಂಡದ್ದು ಕ್ಯಾಸೆಟ್ಟನ್ನೂ ಡಿಎಟಿ ಟೇಪನ್ನೂ. ಬಿಸಿಲಿಗೆ ಪ್ಲೇಟು ಬಾಗುತ್ತಿತ್ತು. ನಮ್ಮ ಹವೆಯಲ್ಲಿ ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಕಡೆ ಇಡಬೇಕಾದದ್ದೂ ಇದೇ ಕಾರಣಕ್ಕೆ.

ರಿಪೇರಿಗೆಂದು ಯಂತ್ರವನ್ನೇ ಹೊರಗೆ ಕಳಿಸುವುದಾದರೆ ಕಟ್ಟುವ ಕೆಲಸಕ್ಕೆ ಅರ್ಧ ದಿನ ಕೊಡಿ. ತಟ್ಟೆ ತೆಗೆದು ಬೇರೆ ಪೆಟ್ಟಿಗೆಯಲ್ಲಿಡಿ, ತೋಳಿನ ಹಿಂದಿನ ಭಾರದ ಬಿಲ್ಲೆಯನ್ನೂ ಹೆಡ್‌ಶೆಲ್ಲನ್ನೂ ಕಳಚಿ, ತೋಳನ್ನು ಅದರ ಆನಿಕೆಗೆ ಕಟ್ಟಿ. ಅರಬೈಲ್ ಘಟ್ಟದ ತಿರುವುಗಳಲ್ಲಿ ತಟ್ಟೆ ಒಳಗೇ ಕುಲುಕಿದರೆ ಹೋಗುವಾಗ ಇದ್ದ ಸಣ್ಣ ದೋಷ ಬರುವಾಗ ದೊಡ್ಡದಾಗಿರುತ್ತದೆ. ತೋಳಿನ ಬೇರಿಂಗಿಗೆ ಬಿದ್ದ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ, ಮುಳ್ಳು ಗೆರೆಯಿಂದ ಹಾರತೊಡಗಿದಾಗಲೇ ತಿಳಿಯುವುದು.

ಸಲಹೆ ಯಾರಿಂದ ಕೇಳಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಎರಡು. ಒಂದು, ಯಂತ್ರದ ಸರ್ವಿಸ್ ಮ್ಯಾನ್ಯುಯಲ್. ಟೆಕ್ನಿಕ್ಸ್‌ನಂಥ ಕಂಪನಿಗಳು ಪ್ರತಿ ಸ್ಕ್ರೂವಿಗೂ ಸಂಖ್ಯೆ ಕೊಟ್ಟು, ಬಿಚ್ಚುವ ಕ್ರಮದ ಚಿತ್ರ ಹಾಕಿ, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂದು ಬರೆದು ಅದನ್ನು ಅಚ್ಚು ಮಾಡಿದ್ದವು. ಅದರ ಪ್ರತಿಯನ್ನು ಪ್ರಿಂಟ್ ಹಾಕಿಸಿ ಯಂತ್ರದ ಜೊತೆಗೇ ಮೆಕ್ಯಾನಿಕ್ಕಿಗೆ ಕೊಡಿ. ಟರ್ನ್‌ಟೇಬಲ್ ಮುಟ್ಟದವರೂ ಆ ಹಾಳೆ ಹಿಡಿದು ಕೆಲಸ ಮಾಡಬಲ್ಲರು. ಎರಡು, ಹಳೆಯ ಮೈಕ್ ಸೆಟ್ಟಿನ ಹಿರಿಯರು. ಮೈಕಿನ ವಯರಿಂಗಿನಲ್ಲಿ ಬದುಕು ಸವೆಸಿದ ಆ ಅಣ್ಣಂದಿರಿಗೆ ಡೈರೆಕ್ಟ್ ಡ್ರೈವ್ ಗೊತ್ತಿರಲಿಕ್ಕಿಲ್ಲ, ಆದರೆ ತೋಳಿನ ತೂಕ, ಬೆಲ್ಟಿನ ಬಿಗಿ, ಅರ್ಥಿನ ಸದ್ದು ಅವರ ಬೆರಳಿಗೇ ಗೊತ್ತು. ಹಳೆಯ ಎಚ್‌ಎಂವಿ ಪ್ಲೇಯರಿನ ಮಟ್ಟಿಗಂತೂ ಅವರಿಗಿಂತ ದೊಡ್ಡ ಪುಸ್ತಕವಿಲ್ಲ.

ಕಾಯಿಲೆ ಬಾರದಂತೆ ನೋಡಿಕೊಳ್ಳುವುದಕ್ಕೆ ನಮ್ಮ ಕರಾವಳಿಯಲ್ಲಿ ಸರಿಯಾದ ತಿಂಗಳು ಮೇ. ಮಳೆ ಹಿಡಿಯುವ ಮೊದಲು ಪಿನ್ನು, ಪ್ಲಗ್ಗು, ಸ್ವಿಚ್ಚುಗಳನ್ನು ಒರೆಸಿಡಿ. ಫಿಯೆಸ್ಟಾದಂಥ ಪ್ಲೇಯರಿನಿಂದ ಸೆಲ್ಲುಗಳನ್ನು ತೆಗೆದಿಡಿ; ಸೋರಿದ ಸೆಲ್ಲು ಸ್ಪ್ರಿಂಗನ್ನೂ ವೈರನ್ನೂ ತಿನ್ನುತ್ತದೆ. ತಟ್ಟೆಯ ದಂಡಕ್ಕೆ ಎರಡು ಮೂರು ಹನಿ ತೆಳು ಎಣ್ಣೆ ಸಾಕು. ಟೆಕ್ನಿಕ್ಸ್ ಹೇಳುವುದು ಸುಮಾರು 2000 ಗಂಟೆಗೊಮ್ಮೆ. ಕೊಬ್ಬರಿ ಎಣ್ಣೆ ಹಾಕಬಾರದು, ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಯಂತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಸುತ್ತಿಟ್ಟರೆ ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಹೊದಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ನುಡಿಸಿ. ಒಳಗಿನ ಸಣ್ಣ ಬಿಸಿ ತೇವವನ್ನು ಓಡಿಸುತ್ತದೆ, ಸ್ವಿಚ್ಚುಗಳು ಹಿಡಿದುಕೊಳ್ಳುವುದಿಲ್ಲ. ಗುಡುಗು ಕೇಳಿಸಿದರೆ ಪ್ಲಗ್ ಕಿತ್ತಿಡಿ.

ಸರಕಾರದ ಕಡೆಯಿಂದಲೂ ಒಂದು ಬಾಗಿಲು ತೆರೆದಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಶುರುಮಾಡಿತು. ಕೃಷಿ ಯಂತ್ರ, ಮೊಬೈಲ್, ವಾಹನಗಳ ಜೊತೆ ಮನೆಬಳಕೆಯ ಉಪಕರಣಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಮಾಹಿತಿಯನ್ನೂ ಬಿಡಿಭಾಗವನ್ನೂ ಕಂಪನಿಗಳು ಗ್ರಾಹಕನಿಗೆ ದೊರಕಿಸಬೇಕು ಎಂಬುದು ಅದರ ಆಶಯ. ಆಶಯ ಕಾನೂನಾಗಿ ಗಟ್ಟಿಯಾಗಬೇಕು, ಹೊಸದಾಗಿ ಮಾರುವ ಪ್ರತಿ ಯಂತ್ರದ ಜೊತೆ ಅದರ ಸರ್ವಿಸ್ ಮ್ಯಾನ್ಯುಯಲ್ಲೂ ಬರಬೇಕು. ಅದನ್ನು ಕೇಳುವ ಹಕ್ಕು ದೆಹಲಿಯವನಿಗಿದ್ದಷ್ಟೇ ಅಂಕೋಲೆಯವನಿಗೂ ಇದೆ.

ಆದರೆ ಮ್ಯಾನ್ಯುಯಲ್ ಓದಿ ಬೆಸುಗೆ ಹಾಕುವ ಕೈ ಊರಲ್ಲಿ ಉಳಿಯದಿದ್ದರೆ ಹಕ್ಕು ಕಾಗದದ ಮೇಲೇ ಇರುತ್ತದೆ. ಬೆಲ್ಟು ಜಪಾನಿನಿಂದ ಬಂದೀತು, ಐಸಿ ಮುಂಬೈಯಿಂದ ಬಂದೀತು, ಅದನ್ನು ಕೂರಿಸುವವರನ್ನು ಪಾರ್ಸೆಲ್ಲಿನಲ್ಲಿ ತರಿಸಲಾಗದು. ಆ ಕೈಗಳಿಗೆ ವಯಸ್ಸಾಗುತ್ತಿದೆ. ನಮ್ಮ ಜಿಲ್ಲೆಯ ಐಟಿಐಗಳು, ಪಾಲಿಟೆಕ್ನಿಕ್‌ಗಳು ಪ್ರತಿ ವರ್ಷ ಮಳೆಗಾಲದ ಮೊದಲು ಎರಡು ದಿನ ತಮ್ಮ ಪ್ರಯೋಗಾಲಯ ಬಿಟ್ಟುಕೊಡಲಿ. ಹಳೆಯ ಮೈಕ್ ಸೆಟ್ಟಿನವರನ್ನೂ ಟಿವಿ ಮೆಕ್ಯಾನಿಕ್ಕರನ್ನೂ ಗೌರವಧನ ಕೊಟ್ಟು ಕರೆಸಲಿ. ಜನ ತಮ್ಮ ಮನೆಯ ಪ್ಲೇಯರು, ರೇಡಿಯೋ, ಆಂಪ್ಲಿಫಯರುಗಳನ್ನು ತರಲಿ, ಹುಡುಗರು ಅವರೆದುರಿಗೇ ಬಿಚ್ಚಿ ಕಲಿಯಲಿ. ಪ್ರತಿ ಯಂತ್ರದ ಮಾದರಿ, ಕಂಡ ದೋಷ, ಹಾಕಿದ ಭಾಗ, ಅದು ಸಿಕ್ಕ ಅಂಗಡಿ ಇವಿಷ್ಟನ್ನು ಒಂದು ವಹಿಯಲ್ಲಿ ಬರೆದಿಡಲಿ. ನಾಲ್ಕಾರು ವರ್ಷ ನಡೆದರೆ ಉತ್ತರ ಕನ್ನಡದ ಹವೆಗೆ ಯಾವ ಭಾಗ ಎಷ್ಟು ದಿನಕ್ಕೆ ಕೆಡುತ್ತದೆ, ಅದಕ್ಕೆ ಪರಿಹಾರವೇನು ಎಂದು ಹೇಳಬಲ್ಲ ಪುಸ್ತಕ ನಮ್ಮಲ್ಲೇ ಸಿದ್ಧವಾಗುತ್ತದೆ. ಇದಕ್ಕೆ ಬೇಕಾದ ಮೇಜು, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಎಲ್ಲ ಆ ಪ್ರಯೋಗಾಲಯಗಳಲ್ಲಿ ಈಗಾಗಲೇ ಇವೆ. ಬೇಕಾದದ್ದು ಪ್ರಾಂಶುಪಾಲರ ಒಂದು ಸಹಿ, ಹಿರಿಯ ಮೆಕ್ಯಾನಿಕ್ಕರಿಗೆ ಒಂದು ಆಮಂತ್ರಣ.